ಟವೆಲ್ಲು ಹೊರಟಿತು, ನಾನು ಉಳಿದೆ

ಕೆ.ಆರ್. ನಗರ ಸ್ಟೇಷನ್ನಿಗೆ ಮೈಸೂರಿನ ರೈಲು ಬಂದು ನಿಂತದ್ದೇ ತಡ, ಎಲ್ಲರಂತೆ ನಾನೂ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿದೆ. ಬಾಗಿಲ ಹತ್ತಿರದ ನೂಕುನುಗ್ಗಲಿನಲ್ಲಿ ಹತ್ತಲಾಗಲಿಲ್ಲ. ಟವೆಲ್ಲು ರೈಲಿನಲ್ಲಿ ಹೋಯಿತು, ನಾನು ಬಸ್ಸಿನಲ್ಲಿ ಹೋದೆ.

ಮರುದಿನ ಅದೇ ರೈಲು ಹತ್ತಿದರೆ, ಸೊಪ್ಪಿನ ಮೂಟೆ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರ ತೊಡೆಯ ಮೇಲೆ ನನ್ನ ಕೆಂಪು ಚೌಕಳಿ ಟವೆಲ್ಲು ನೀಟಾಗಿ ಮಡಚಿಟ್ಟಿತ್ತು. ನನ್ನದೆಂದೆ. ಅಜ್ಜಿ ರೇಗಿದರು.

“ಎಲ್ಲೋಗಿದ್ದೆ ಮಗ? ಬತ್ತಾನೆ, ಬತ್ತಾನೆ ಅಂತ ಮೈಸೂರ್ ಗಂಟ ನಿನ್ ಜಾಗದಲ್ಲಿ ಯಾರ್ನೂ ಕೂರಕ್ ಬುಡ್ನಿಲ್ಲ ಕಣಪ್ಪ. ಎಲ್ರ ಕೈಲೂ ಬೈಸ್ಕಂಡೆ.”

ಈಗಲೂ ಟವೆಲ್ಲು ಎಸೆಯುತ್ತೇನೆ. ಎಸೆದ ಮೇಲೆ ಹತ್ತದೆ ಉಳಿಯುವ ಧೈರ್ಯ ಮಾತ್ರ ನನಗಿಲ್ಲ.