ಹಿನ್ನೀರಿಗೆ ಹಾಕಿದ ಒಡ್ಡು

ಮಾವ ಒಡ್ಡು ಹಾಕಿದ್ದು ನನ್ನ ಭಾಷಣ ಕೇಳಿದ ಮೇಲೋ, ಅದಕ್ಕೂ ಮೊದಲೋ ಎಂಬುದು ನನಗೆ ಈಗ ಖಚಿತವಿಲ್ಲ. ಮೊದಲೇ ಹಾಕಿದ್ದ ಎಂದು ನಂಬಲು ಇಷ್ಟ; ಹಾಗಾದರೆ ತಪ್ಪು ನನ್ನದಲ್ಲ. ಆದರೆ ನಮಗೆ ಅನುಕೂಲವಾದ ನೆನಪನ್ನೇ ಹೆಚ್ಚು ಅನುಮಾನಿಸಬೇಕು ಎಂಬುದನ್ನು ಧಾರವಾಡದಲ್ಲಿ ಓದುವಾಗ ಕಲಿತಿದ್ದೆ. ಆದ್ದರಿಂದ ಭಾಷಣದ ನಂತರ ಎಂದೇ ಇಟ್ಟುಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ಭೂಗೋಳದಲ್ಲಿ ಎಂ.ಎ. ಮುಗಿಸಿದ್ದೆ, ಕೆಲಸವಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಯಾರು ಕರೆದರೂ ಬಸ್ಸು ಹತ್ತಿ ಹೋಗಿ ಭಾಷಣ ಮಾಡಿ ಬರುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ವಾಚನಾಲಯವೊಂದರವರು ಯಾವುದಾದರೂ ದೇಶದ ಪರಿಚಯ ಮಾಡಿಕೊಡಿ ಎಂದಾಗ ಹಾಲೆಂಡ್ ಆರಿಸಿದೆ. ಚಿಕ್ಕ ದೇಶ, ಬೇಗ ಮುಗಿಯುತ್ತದೆ ಎಂಬುದಷ್ಟೇ ಕಾರಣ.

ರೈನ್ ನದಿ ಸಮುದ್ರ ಸೇರುವ ತಗ್ಗು ನೆಲ. ಅದರಲ್ಲಿ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗೆ ಎಂದೆ. ಅವರ ಅತಿ ಎತ್ತರದ ಗುಡ್ಡದ ತುದಿಯೂ ನಮ್ಮ ಕೂಡ್ಲಿಗಿ ಬಸ್ ನಿಲ್ದಾಣಕ್ಕಿಂತ ಕೆಳಗಿದೆ ಎಂದಾಗ ಚಪ್ಪಾಳೆ ಬಿತ್ತು, ಕೂಡ್ಲಿಗಿಯನ್ನು ನಾವೇ ಎತ್ತಿ ಇಟ್ಟವರ ಹಾಗೆ. ಗಾಜು ಉಜ್ಜಿ ಉಜ್ಜಿ ಹನಿ ನೀರಿನೊಳಗೆ ಓಡಾಡುವ ಜೀವಿಗಳನ್ನು ಕಂಡ ಬಟ್ಟೆ ವ್ಯಾಪಾರಿ, ಲೋಲಕದ ಗಡಿಯಾರ, ಕಿಟಕಿಯ ಬೆಳಕನ್ನು ಬಣ್ಣದಲ್ಲಿ ಹಿಡಿದ ಚಿತ್ರಕಾರರು ಎಲ್ಲವನ್ನೂ ಹೇಳಿದೆ. ಇಬ್ಬರು ಆಕಳಿಸಿದರು. ದೊಡ್ಡ ಸರೋವರಗಳ ಸುತ್ತ ಒಡ್ಡು ಕಟ್ಟಿ, ಗಾಳಿಯಂತ್ರದಿಂದ ನೀರೆತ್ತಿ ಹೊರಹಾಕಿ, ತಳದಲ್ಲಿ ಹೊಲ ಮಾಡಿದರು ಎಂದಾಗ ಹಿಂದಿನ ಸಾಲಿನಲ್ಲಿದ್ದ ನನ್ನ ಸೋದರಮಾವ ಎದ್ದು ನಿಂತ.

“ಅಲ್ಲೋ ಅಳಿಯಾ, ಎತ್ತಿದ ನೀರು ಎಲ್ಲಿ ಚೆಲ್ಲಿದ್ರು?”

“ಸಮುದ್ರಕ್ಕ, ಮಾವ.”

“ಅದು ತಿರುಗಿ ಬರಂಗಿಲ್ಲೇನು?”

“ಒಡ್ಡು ಐತಲ್ಲ.”

“ಮಣ್ಣಿಂದು?”

“ಮಣ್ಣಿಂದು.”

ಮಾವ ಕೂತ. ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಮಾವನ ಹೊಲ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆ ಕಡೆಯವರೆಲ್ಲ ಕೆಸರಿನಲ್ಲಿ ನಡೆದು ಹೋಗಿ, ಹಳೆಯ ಬದುವಿನ ಕಲ್ಲು ಹುಡುಕಿ, ತಮ್ಮ ತಮ್ಮ ಹೊಲ ಗುರುತಿಸಿ ಬಿತ್ತುತ್ತಿದ್ದರು. ಕಾಗದದ ಪ್ರಕಾರ ನೆಲ ಸರ್ಕಾರದ್ದು. ಯಾರ ಕಲ್ಲು ಯಾರದೆಂಬುದರಲ್ಲಿ ಮಾತ್ರ ಯಾರಿಗೂ ಗೊಂದಲವಿರಲಿಲ್ಲ. ಮಳೆಗಾಲದ ನೀರು ತಿರುಗಿ ಬರುವುದರೊಳಗೆ ಕೊಯ್ದರೆ ಗೆದ್ದಂತೆ. ಮುಳುಗಿದ್ದಕ್ಕೆ ಬದಲಾಗಿ ಮಾವನಿಗೆ ಮೇಲೆ ಸಿಕ್ಕಿದ್ದ ಹೊಲ ಬರೀ ಗರಸು, ಕಲ್ಲುನೆಲ. ಮನೆಯ ವರ್ಷದ ರೊಟ್ಟಿ ಈ ಹಸಿ ನೆಲದ ಸಜ್ಜೆಯಿಂದಲೇ ಆಗಬೇಕಿತ್ತು.

ಆ ವರ್ಷ ನೀರು ತಡವಾಗಿ ಸರಿಯಿತು, ಬಿತ್ತನೆಯೂ ತಡವಾಯಿತು. ತೆನೆ ಇನ್ನೂ ಹಾಲುಗಾಳಿನಲ್ಲಿರುವಾಗಲೇ ಮಲೆನಾಡಿನಲ್ಲಿ ಮಳೆ ಹಿಡಿದ ಸುದ್ದಿ ಬಂತು. ಮಾವ ಹೊಲದ ಸುತ್ತ ಸೊಂಟದೆತ್ತರ ಒಡ್ಡು ಹಾಕಲು ನಿಂತ.

“ಅಳಿಯ ಓದಿ ಕೆಟ್ಟ, ನೀವು ಕೇಳಿ ಕೆಟ್ರಿ,” ಎಂದಳು ಅತ್ತೆ. ಎಂದರೂ ಸೀರೆ ಎತ್ತಿ ಕಟ್ಟಿ ಸಲಿಕೆ ಹಿಡಿದಳು. ನಾನು ಅಗಲ ಎಷ್ಟಿರಬೇಕು ಎಂದು ವಿವರಿಸತೊಡಗಿದಾಗ ಮಾವ ನನ್ನ ತಲೆಯ ಮೇಲೆ ಮಣ್ಣಿನ ಪುಟ್ಟಿ ಇಟ್ಟ. “ಬಾಯಿಲೇ ಕಟ್ಟಾಕ ಬರಂಗಿಲ್ಲಲೇ. ನಡಿ.”

ನೀರು ಬಂತು, ಒಡ್ಡಿಗೆ ತಾಗಿ ನಿಂತಿತು. ಹೊರಗೆ ಮೊಣಕಾಲು ನೀರು, ಒಳಗೆ ಒಣಗಿದ ನೆಲದಲ್ಲಿ ಸಜ್ಜೆ. ಮಾವ ಒಡ್ಡಿನ ಮೇಲೆ ಕೂತು ಬೀಡಿ ಹಚ್ಚಿದ. ಪಕ್ಕದ ಹೊಲದವನೊಬ್ಬ ಬಂದು, “ಹಾಲೆಂಡ್ ನೋಡಾಕ ಟಿಕೀಟ್ ಐತೇನ್ರಿ?” ಎಂದ.

ಎಷ್ಟು ದಿನ ನಿಂತಿತು? ಮಾವನ ಲೆಕ್ಕದಲ್ಲಿ ಎಂಟು, ಅತ್ತೆಯ ಲೆಕ್ಕದಲ್ಲಿ ಮೂರು. ನನಗೆ ಐದು ಎಂದು ನೆನಪು. ಬಹುಶಃ ಇಬ್ಬರ ನಡುವೆ ನ್ಯಾಯ ಮಾಡಿ ನಾನೇ ಮಾಡಿಕೊಂಡದ್ದು. ನೀರು ಒಡ್ಡಿನ ಮೇಲೆ ಹತ್ತಿ ಬರಲಿಲ್ಲ. ಏಡಿಗಳು ಕೊರೆದ ಬಿಲಗಳಿಂದ, ಅಡಿಯಿಂದ ಬುಗ್ಗೆಯಾಗಿ ಬಂತು. ಮೂವರೂ ಕೆಸರಿನಲ್ಲಿ ಓಡಾಡಿ, ಕಾಳು ಗಟ್ಟಿಯಾದ ತೆನೆಗಳನ್ನು ಮಾತ್ರ ಕೊಯ್ದು ಹಾಕಿದೆವು. ಅರ್ಧದಷ್ಟು ಕೈಗೆ ಬಂದಿರಬೇಕು. ಮಧ್ಯಾಹ್ನ ಒಡ್ಡು ಸದ್ದಿಲ್ಲದೆ ಕೂತುಬಿಟ್ಟಿತು.

ಮಾವ ದಂಡೆಯ ಮೇಲೆ ಧೋತ್ರ ಹಿಂಡುತ್ತ ಕೇಳಿದ: “ಅವರದು ಯಾವಾಗಾದ್ರೂ ಒಡೆದಿತ್ತೇನು?”

ನನಗೆ ಗೊತ್ತಿರಲಿಲ್ಲ. ಎಂ.ಎ. ಮಾಡಿದವನು ಗೊತ್ತಿಲ್ಲ ಎನ್ನುವುದು ಹೇಗೆ? “ಇಲ್ಲ, ಮಾವ,” ಎಂದೆ.

“ಹಂಗಾದ್ರ ನಮ್ಮ ಕೈಯಾಗ ಏನೋ ತಪ್ಪೈತಿ,” ಎಂದ. ಮುಂದಿನ ವರ್ಷ ಒಡ್ಡಿನ ಮಾತೇ ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಗ್ರಂಥಾಲಯದಲ್ಲಿ ಕೂತು ಇದೊಂದನ್ನು ಪರೀಕ್ಷಿಸಿದೆ. ಎರಡು ಪುಸ್ತಕಗಳಲ್ಲಿ ತಾಳೆ ನೋಡಿದೆ. ಅವರದೂ ಒಡೆದಿತ್ತು. ೧೯೫೩ರ ಫೆಬ್ರುವರಿ ಒಂದರಂದು ಸಮುದ್ರ ಒಡ್ಡುಗಳನ್ನು ಮುರಿದು ಒಳನುಗ್ಗಿ, ಆ ದೇಶದಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಜನ ಸತ್ತಿದ್ದರು.