ಉಡಿದಾರದ ಕೆಳಗಿನ ಕಪ್ಪು ಹಕ್ಕಳೆ

ನನ್ನ ಗಂಡನಿಗೆ ಮೊದಲು ಬಂದದ್ದು ತಲೆನೋವು. ಊರು ಬಿಟ್ಟು ಬಂದ ನಮ್ಮದು ರಬಾಳೆಯ ಕಾರ್ಖಾನೆಗಳ ಎದುರು ಒಂದು ಚಿಕ್ಕ ಹೋಟೆಲು. ಬೆಳಗಿನ ಶಿಫ್ಟಿನವರಿಗೆ ಇಡ್ಲಿ, ಪೂರಿ, ಚಾ. ಮುಂಜಾನೆಯಿಂದ ಬಾಣಲೆಯೆದುರು ನಿಲ್ಲುವ ಗಂಡಸಿಗೆ ತಲೆ ನೋಯದೆ ಇನ್ನೇನಾಗುತ್ತದೆ ಎಂದು ನಾನೂ ಒಂದು ಮಾತ್ರೆ ಕೊಟ್ಟು ಸುಮ್ಮನಾದೆ. ಸಂಜೆಗೆ ನಮ್ಮವರ ಮೈ ಸುಡತೊಡಗಿತು. ಎಷ್ಟು ಹೊದೆಸಿದರೂ ಚಳಿ ಬಿಡಲಿಲ್ಲ.

ಮಳೆಗಾಲದ ಜ್ವರ. ಘಣಸೋಲಿಯ ನಮ್ಮ ಬಿಲ್ಡಿಂಗಿನಲ್ಲಿ ಆಗ ಮನೆಮನೆಯಲ್ಲೂ ಯಾರಾದರೊಬ್ಬರು ಮಲಗಿದ್ದರು. ಮಲೇರಿಯಾ ಟೆಸ್ಟ್ ನೆಗೆಟಿವ್. ಡೆಂಗ್ಯೂ ನೆಗೆಟಿವ್. ಆದರೂ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ನಮ್ಮ ಗಲ್ಲಿಯ ಡಾಕ್ಟರು ಸುಮ್ಮನೆ ದಿನ ದೂಡಲಿಲ್ಲ, ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಕಳಿಸಿದರು. ಆ ಪುಣ್ಯಾತ್ಮರಿಗೂ ನಾನು ಕೈಮುಗಿಯಬೇಕು.

ಅಲ್ಲಿಗೆ ತಲುಪುವಷ್ಟರಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು.

ಐಸಿಯು.

ಹೊರಗೆ ಕುರ್ಚಿಯಲ್ಲಿ ನಾನು, ಪಕ್ಕದಲ್ಲಿ ಮಗಳು ಕಾವ್ಯಾ. ಕಾಲೇಜು ಓದುವವಳು, ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳದ್ದು ಹಿಂದಿಯಲ್ಲಿ ಉತ್ತರ. "ಪಪ್ಪಾ ಕೋ ಕುಛ್ ನಹೀ ಹೋಗಾ, ಅಮ್ಮಾ" ಅನ್ನುತ್ತಿದ್ದಳು. ಪಪ್ಪನಿಗೆ ಏನೂ ಆಗುವುದಿಲ್ಲ ಅನ್ನುತ್ತಲೇ ಐಸಿಯು ಬಾಗಿಲನ್ನೇ ನೋಡುತ್ತಿದ್ದಳು. ನನಗೋ ಯಾರ ಮೇಲೆಂದು ತಿಳಿಯದ ಸಿಟ್ಟು. ಬೆಳಗಿನಿಂದ ರಾತ್ರಿಯವರೆಗೆ ಜೊತೆಗೇ ದುಡಿಯುವ ಗಂಡಹೆಂಡಿರು ದಿನಕ್ಕೆ ಎಷ್ಟು ಜಗಳ ಆಡುತ್ತಾರೆ, ನಾವೂ ಆಡುತ್ತಿದ್ದೆವು. ಆ ಕುರ್ಚಿಯಲ್ಲಿ ಕೂತಾಗ ಮಾತ್ರ ನನಗೆ ಆ ಮನುಷ್ಯ ಬದುಕಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಇಡೀ ಮೈ ನೋಡಬೇಕು, ಪೇಷಂಟ್ ಬಿಡುತ್ತಿಲ್ಲ ಎಂದರು. ನೋಡಿದರೆ ಇವರು ಅರೆಬರೆ ಎಚ್ಚರದಲ್ಲೂ ಪಾಯಿಜಾಮದ ಲಾಡಿಯನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದಿದ್ದಾರೆ. ಮೊದಲಿನಿಂದಲೂ ಭಾರೀ ಸಂಕೋಚದವರು. ಅಲ್ಲಿಯವರೆಗೆ ನೋಡಿದ ಡಾಕ್ಟರುಗಳೆಲ್ಲ ಅಂಗಿ ಎತ್ತಿ ಎದೆ, ಹೊಟ್ಟೆ ಮುಟ್ಟಿ ಬಿಟ್ಟಿದ್ದರು.

"ಕೈ ತೆಗೀರಿ. ಇಲ್ಲಿ ಎಂತ ನಾಚಿಕೆ ನಿಮ್ದು?" ಎಂದು ಗದರಿಸಿ ನಾನೇ ಬೆರಳು ಬಿಡಿಸಿದೆ.

ಸೊಂಟದಲ್ಲಿ ಉಡಿದಾರ. ಡಾಕ್ಟರಮ್ಮ ಆ ಕಪ್ಪು ದಾರವನ್ನು ಮೇಲೆ ಸರಿಸಿದರು. ಅದರ ಕೆಳಗೆ ಹುಣಸೆಬೀಜದಷ್ಟಗಲದ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ತೊಡೆಸಂದಿನಲ್ಲಿ ಗಂಟು. ಹೊಟ್ಟೆಯ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆ.

ಆ ಹಕ್ಕಳೆ ನನಗೆ ಗೊತ್ತಿದ್ದದ್ದೇ. "ಪೂರಿ ಎಣ್ಣೆ ಹಾರಿದ್ದು" ಎಂದು ನಮ್ಮವರೇ ಹೇಳಿದ್ದರು, ಸುಟ್ಟಗಾಯದ ಮುಲಾಮು ಕೇಳಿ ಹಚ್ಚಿಕೊಂಡಿದ್ದರು. ಹೋಟೆಲಿನವರ ಮೈಮೇಲೆ ಸುಟ್ಟ ಕಲೆಗಳನ್ನು ಯಾರು ಲೆಕ್ಕ ಇಡುತ್ತಾರೆ?

"ದುಖಾ ಥಾ?" ನೋವಿತ್ತಾ ಎಂದು ಡಾಕ್ಟರಮ್ಮ ಇವರನ್ನೇ ಕೇಳಿದರು.

ಇಲ್ಲವೆಂದು ತಲೆ ಅಲ್ಲಾಡಿಸಿದರು. ನೋವಿಲ್ಲ, ತುರಿಕೆಯೂ ಇಲ್ಲ. ಇಷ್ಟು ವರ್ಷ ಎಣ್ಣೆಯ ಎದುರು ಬದುಕಿದ ನಮ್ಮಿಬ್ಬರಿಗೂ, ನೋಯದ ಸುಟ್ಟಗಾಯ ಎಲ್ಲಿಯಾದರೂ ಉಂಟೇ ಎಂದು ಹೊಳೆದಿರಲಿಲ್ಲ.

ಹುಲ್ಲು, ಪೊದೆಯ ಕಡೆ ಹೋಗಿದ್ದರೇ ಎಂದು ಮುಂದಿನ ಪ್ರಶ್ನೆ. ಹೋಟೆಲು ಬಿಟ್ಟರೆ ಮನೆ, ಇನ್ನೆಲ್ಲಿಯ ಹುಲ್ಲು ಎನ್ನಲು ಹೊರಟವಳು ಅಲ್ಲೇ ನಿಂತೆ. ಮಳೆಗಾಲದ ಆಟಿ ತಿಂಗಳು ಬಂದರೆ ನಮ್ಮವರಿಗೆ ತಿನ್ನಲು ಕೆಸುವಿನ ಪತ್ರೊಡೆ ಆಗಲೇಬೇಕು. ಮಾರ್ಕೆಟಿನ ಕೆಸುವಿನೆಲೆಗೆ ರುಚಿಯಿಲ್ಲವೆಂದು ಪ್ರತಿ ವರ್ಷ ಗುಡ್ಡದ ಬುಡದ ಖಾಲಿ ಪ್ಲಾಟಿಗೆ ಹೋಗಿ, ಸೊಂಟದೆತ್ತರದ ಹುಲ್ಲಿನಲ್ಲಿ ಇಳಿದು ತಾವೇ ಕೊಯ್ದು ತರುತ್ತಾರೆ. ಈ ಸಲವೂ ತಂದಿದ್ದರು. ನಾವೆಲ್ಲ ಚಪ್ಪರಿಸಿ ತಿಂದಿದ್ದೆವು.

"ಸ್ಕ್ರಬ್ ಟೈಫಸ್" ಎಂದರು ಡಾಕ್ಟರಮ್ಮ. ಹುಲ್ಲಿನಲ್ಲಿರುವ, ಕಣ್ಣಿಗೆ ಬೀಳದಷ್ಟು ಚಿಕ್ಕ ಹುಳ. ಬಟ್ಟೆ ಬಿಗಿಯಾದಲ್ಲಿ ಹೋಗಿ ಕಚ್ಚುತ್ತದೆ, ಬ್ಯಾಕ್ಟೀರಿಯಾ ಒಳಗೆ ಬಿಡುತ್ತದೆ. ಕಚ್ಚಿದ ಜಾಗ ಹೀಗೆ ಕಪ್ಪಾಗುತ್ತದೆ.

"ಮದ್ದುಂಟಾ?" ಕನ್ನಡದಲ್ಲೇ ಕೇಳಿಬಿಟ್ಟೆ. ಅವರಿಗೆ ಅದು ಹೇಗೋ ಅರ್ಥವಾಯಿತು.

"ಹೈ. ಅಭೀ ಶುರೂ ಕರತೇ ಹೈಂ."

ಬ್ಲಡ್ ರಿಪೋರ್ಟಿಗೆ ಕಾಯದೆ ಆಗಲೇ ಡಾಕ್ಸಿಸೈಕ್ಲಿನ್ ಎಂಬ ಮದ್ದು ಶುರು ಮಾಡಿದರು. ಮರುದಿನ ಮೈ ಬೆವರಿತು. ಅದರ ಮಾರನೆಯ ದಿನ ನಾನು ಹಣೆ ಮುಟ್ಟಿದಾಗ ತಣ್ಣಗಿತ್ತು. ಅವರು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಹೋಟೆಲು ತೆಗ್ದಿದ್ಯಾ?"

"ಹಾಳಾಗಿ ಹೋಗ್ಲಿ ನಿಮ್ಮ ಹೋಟೆಲು" ಎಂದು ಬೈದು, ಅಲ್ಲೇ ಮಂಚದ ಕಂಬಿ ಹಿಡಿದು ಅತ್ತುಬಿಟ್ಟೆ. ನರ್ಸ್ ಬಂದು ಏನಾಯಿತೆಂದು ಕೇಳಿದಳು. ಏನಾಗಲಿಲ್ಲವೋ ಅದಕ್ಕೇ ಅಳುತ್ತಿದ್ದೇನೆ ಎಂದು ಹಿಂದಿಯಲ್ಲಿ ಹೇಳಲು ನನಗೆ ಬರಲಿಲ್ಲ.

ಈಗ ಮನೆಯಲ್ಲಿದ್ದಾರೆ. ಹಕ್ಕಳೆ ಉದುರಿ ಬೆಳ್ಳಗಿನ ಗುರುತು ಉಳಿದಿದೆ. ಎರಡು ಮೆಟ್ಟಿಲು ಹತ್ತಿದರೆ ಸುಸ್ತು. ಹೋಟೆಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಪೂರ್ತಿ ಗುಣವಾಗಲು ಸಮಯ ಹಿಡಿಯುತ್ತದಂತೆ, ಹಿಡಿಯಲಿ. ನಾಚಿಕೆಯ ಮನುಷ್ಯನ ಸೊಂಟದ ದಾರ ಸರಿಸಿ ನೋಡಬೇಕೆಂದು ಹಟ ಹಿಡಿದ ಆ ಹೆಣ್ಣುಮಗಳು ಎಲ್ಲಿದ್ದರೂ ಚೆನ್ನಾಗಿರಲಿ.

ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ನಾನು ಅವರ ಮೈಯೆಲ್ಲ ನೋಡುತ್ತೇನೆ. ಕಂಕುಳು, ಕಿವಿಯ ಹಿಂದೆ, ಸೊಂಟ. ಅವರಿಗೆ ತಾಳ್ಮೆ ಇರುವುದಿಲ್ಲ.

"ಎಷ್ಟು ನೋಡುದು ಮಾರಾಯ್ತಿ? ಅಲ್ಲಿ ಗಿರಾಕಿಗಳು ಕಾಯ್ತಾ ಇರ್ತಾರೆ."

"ಕಾಯ್ಲಿ" ಅಂದೆ ನಿನ್ನೆ. "ನಾನು ಕಾಯ್ಲಿಲ್ವಾ?"

ಅವರು ಇನ್ನೊಂದು ತೋಳನ್ನೂ ಎತ್ತಿದರು.