ನರ್ಸಮ್ಮ ಹೊಡೆದುಹಾಕಿದ ಸಾಲು

ಕಳೆದ ತಿಂಗಳು ಮೊಣಕಾಲು ತರಚಿಕೊಂಡು, ಹತ್ತಿ ತರಲು ಚಿತ್ರದುರ್ಗದ ನಮ್ಮ ಬೀದಿಯ ಔಷಧಿ ಅಂಗಡಿಗೆ ಹೋಗಿದ್ದೆ. ಅವರು ಕೊಟ್ಟ ಹತ್ತಿಯ ಸುರುಳಿಗೆ ನೀಲಿ ಕಾಗದ ಸುತ್ತಿತ್ತು. ಮನೆಗೆ ಬಂದು ಸುರುಳಿ ಬಿಚ್ಚಿದವಳು ಗಾಯದ ಮಾತು ಬಿಟ್ಟು ಕಾಗದದ ಒಳಮೈ ತಿರುಗಿಸಿ ನೋಡಿದೆ. ಅಲ್ಲಿ ಯಾರು ಏನು ಬರೆದಿರುತ್ತಾರೆ? ಆದರೂ ನೋಡಿದೆ… ಹಳೆಯ ಅಭ್ಯಾಸ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕನ್ನಡ ಪಾಠ ಮಾಡುತ್ತಿದ್ದೆ. ಮದುವೆಯಾಗಿರಲಿಲ್ಲ. ನಾನು ಬಾಡಿಗೆಗೆ ಹಿಡಿದ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಪಕ್ಕದ ಮನೆಯಲ್ಲಿ ಊರಿನ ಹೆರಿಗೆ ನರ್ಸ್ ಇದ್ದರು. ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ವಯಸ್ಸು ನಲವತ್ತರ ಆಸುಪಾಸು. ಹಿರಿಯೂರಿನವರು. ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಸುತ್ತಲ ಹಟ್ಟಿಗಳಲ್ಲಿ ಯಾರಿಗೆ ನೋವು ಬಂದರೂ ಅವರು ಚರ್ಮದ ಚೀಲ ಹಿಡಿದು ನಡೆದುಬಿಡುತ್ತಿದ್ದರು. ವಾಪಸು ಬಂದ ಮೇಲೆ ಬಚ್ಚಲಲ್ಲಿ ಬಹಳ ಹೊತ್ತು ನೀರು ಸುರಿದುಕೊಳ್ಳುವ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ ಏನೂ ಕೇಳುತ್ತಿರಲಿಲ್ಲ. ಅವರಲ್ಲಿಗೆ ಯಾರೂ ಬಂದು ಹೋಗುವುದಿರಲಿಲ್ಲ, ನನ್ನಲ್ಲಿಗೂ ಇರಲಿಲ್ಲ. ಗೋಡೆಯ ಈಚೆಗೆ ನಾನೊಬ್ಬಳು, ಆಚೆಗೆ ಅವರೊಬ್ಬರು ರೊಟ್ಟಿ ತಟ್ಟಿಕೊಳ್ಳುತ್ತಿದ್ದೆವು. ಒಬ್ಬೊಬ್ಬರಿಗೆ ಎರಡೆರಡು ರೊಟ್ಟಿ, ಅಷ್ಟೇ. ಸದ್ದು ಬೇಗ ನಿಂತುಹೋಗುತ್ತಿತ್ತು.

ಅವರು ಕವಿತೆ ಬರೆಯುತ್ತಾರೆಂದು ತಿಳಿದದ್ದು ಅಲ್ಲಿಗೆ ಹೋಗಿ ಆರು ತಿಂಗಳಾದ ಮೇಲೆ. ಒಂದು ಸಂಜೆ ಬಾಗಿಲಲ್ಲಿ ನಿಂತು, ಮಡಿಸಿದ ನೀಲಿ ಕಾಗದವೊಂದನ್ನು ಮುಂದೆ ಚಾಚಿದರು.

“ಟೀಚರಮ್ಮ, ನೀವು ಕನ್ನಡ ಓದ್ದೋರು. ಇದನ್ನ ಒಂಚೂರು ನೋಡ್ರಿ. ಚೆನ್ನಾಗಿಲ್ಲ ಅಂದ್ರೆ ಒಲೆಗೆ ಹಾಕ್ರಿ.”

ಹತ್ತಿಯ ಸುರುಳಿಗೆ ಸುತ್ತಿ ಬರುತ್ತಿದ್ದ ಕಾಗದ ಅದು. ಒಳಮೈಯಲ್ಲಿ ಪೆನ್ಸಿಲಿನ ಅಕ್ಷರ. ಕಾಗದಕ್ಕೆ ಡೆಟಾಲಿನ ವಾಸನೆ ಹಿಡಿದಿತ್ತು. ನಾನು ಅದನ್ನು ಒಲೆಗೆ ಹಾಕಲಿಲ್ಲ.

ಅಲ್ಲಿಂದ ಎರಡು ವರ್ಷ ಅವರ ಕಾಗದಗಳು ನನ್ನ ಟ್ರಂಕಿನಲ್ಲಿ ಸೇರುತ್ತಾ ಹೋದವು. ಅವರು ಬರೆಯುತ್ತಿದ್ದ ರೀತಿಯೇ ಬೇರೆ. ಬೇಡವಾದ ಸಾಲನ್ನು ರಬ್ಬರಿನಿಂದ ಅಳಿಸುತ್ತಿರಲಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆಯುತ್ತಿದ್ದರು, ಕೆಳಗಿನ ಅಕ್ಷರ ಓದಲು ಬರುತ್ತಿತ್ತು. ನಾಲ್ಕು ದಿನ ಬಿಟ್ಟು ಅದೇ ಕವಿತೆಯನ್ನು ಹಳೆಯದನ್ನು ನೋಡದೆ ಹೊಸ ಕಾಗದದಲ್ಲಿ ಮೊದಲಿನಿಂದ ಬರೆಯುತ್ತಿದ್ದರು. ಮತ್ತೆ ಗೆರೆ. ಮತ್ತೆ ಹೊಸ ಕಾಗದ. ಇಪ್ಪತ್ತು ಸಾಲು ಇದ್ದದ್ದು ಹನ್ನೆರಡಾಗಿ, ಎಂಟಾಗಿ ಇಳಿಯುತ್ತಿತ್ತು. ಪ್ರತಿಯೊಂದನ್ನೂ ನನಗೆ ತಂದು ಕೊಡುತ್ತಿದ್ದರು. ನನ್ನ ಕೈಬರಹ ದುಂಡಗಿತ್ತು. ಕೊನೆಯದನ್ನು ನಾನು ಬಿಳಿ ಹಾಳೆಯ ಮೇಲೆ ಮಸಿಯಲ್ಲಿ ನಕಲು ಮಾಡಿ ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಎರಡು ಕವಿತೆ ವಾಪಸು ಬಂದವು. ಅವರು ಸುಮ್ಮನೆ ನಕ್ಕರು. ಅವಮಾನವಾದದ್ದು ನನಗೆ.

ಮೂರನೆಯ ಬೇಸಿಗೆಯಲ್ಲಿ ಎಲ್ಲಿಂದಲೋ ಬಂದ ಕುರಿಯವರು ಊರಾಚೆ ದೂರದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರಲ್ಲಿನ ಮುದುಕನೊಬ್ಬ ಓಡುತ್ತಾ ಬಂದ.

“ನರ್ಸಮ್ಮಾರೆ, ಬಿರ್ರನೆ ಬರ್ರಿ. ಸೊಸೆಗೆ ಬ್ಯಾನೆ ಬಂದೈತೆ.”

ನರ್ಸಮ್ಮ ಹೋದವರು ಸೂರ್ಯ ಮುಳುಗುವ ಹೊತ್ತಿಗೆ ಬಂದರು. ಸೀರೆಯ ತುಂಬಾ ಧೂಳು, ರಕ್ತ. ನಾನು ಬಾಗಿಲಿಂದಲೇ “ಗಂಡೋ ಹೆಣ್ಣೋ?” ಎಂದೆ. “ಹೆಣ್ಣು” ಎಂದರು. ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಆ ಕುರಿಯವರು ಮಂದೆ ಹೊಡೆದುಕೊಂಡು ಮುಂದೆ ಹೋದರೆಂದು ಶಾಲೆಯಲ್ಲಿ ಯಾರೋ ಹೇಳಿದರು.

ವಾರ ಕಳೆದು ಮೊದಲ ಕಾಗದ ಬಂತು. ದೊಡ್ಡ ಕವಿತೆ. ಬಿಸಿಲು, ನಾಲ್ಕು ಕೋಲು ನೆಟ್ಟು ಕಟ್ಟಿದ ಕಂಬಳಿಯ ನೆರಳು, ಸುತ್ತ ಮಲಗಿದ ಕುರಿಗಳು, ತುಟಿ ಕಚ್ಚಿಕೊಂಡ ಹೆಂಗಸು. ಕೊನೆಗೆ “ಕೂಸು ಅತ್ತಿತು, ಮಂದೆಯ ಕುರಿಯೆಲ್ಲ ಓಗೊಟ್ಟವು” ಎಂಬ ಸಾಲು. ಓದಿ ನನ್ನ ಮೈ ಜುಮ್ಮೆಂದಿತು. ಈ ಸಲ ಪತ್ರಿಕೆಯವರು ಬೇಡ ಎನ್ನಲು ಸಾಧ್ಯವೇ ಇಲ್ಲ ಎಂದುಕೊಂಡೆ.

ಎರಡನೆಯ ಕಾಗದದಲ್ಲಿ ಬಿಸಿಲು ಹೋಗಿತ್ತು. ಕೂಸಿನ ಅಳು ಇತ್ತು, ಆದರೆ ಕುರಿಗಳು ಓಗೊಡಲಿಲ್ಲ. ಮೂರನೆಯದರಲ್ಲಿ ಅಳುವಿನ ಸಾಲು ಬರೆದು ಅದರ ಮೇಲೆ ಗೆರೆ ಎಳೆದಿದ್ದರು. ನಾಲ್ಕನೆಯದರಲ್ಲಿ ಆ ಸಾಲೇ ಇರಲಿಲ್ಲ. ಏಳು ಸಾಲು ಮಾತ್ರ ಉಳಿದಿತ್ತು. ತಾಯಿ “ಐತಾ” ಎನ್ನುತ್ತಾಳೆ, ಸೂಲಗಿತ್ತಿ “ಐತೆ” ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

“ಅಳುವ ಸಾಲು ಯಾಕೆ ತೆಗೆದ್ರಿ ನರ್ಸಮ್ಮ? ಕವಿತೆಯ ಜೀವವೇ ಅದು” ಎಂದೆ.

“ಅದು ಬ್ಯಾಡ ಬಿಡ್ರಿ” ಎಂದರು. ಏನೋ ಹೇಳುವವರಿದ್ದರು. ನಾನು ಆ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಾಗದ ನೋಡುತ್ತಿದ್ದೆ…

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಕಲು ಮಾಡಲು ಕೂತೆ. ನಾನಾಗ ಇಪ್ಪತ್ಮೂರು ವರ್ಷದವಳು. ಕಾಲೇಜಿನಲ್ಲಿ ಕನ್ನಡಕ್ಕೆ ಬಹುಮಾನ ಪಡೆದವಳು. ಅಚ್ಚಿನಲ್ಲಿ ‘ಐತೆ’ ಎಂದರೆ ಬೆಂಗಳೂರಿನವರು ನಗುತ್ತಾರೆ ಎಂದು ‘ಇದೆ’ ಮಾಡಿದೆ. ಒಂದು ತಿದ್ದಿದ ಕೈ ಅಲ್ಲಿಗೇ ನಿಲ್ಲಲಿಲ್ಲ. ಟ್ರಂಕಿನಿಂದ ಮೊದಲ ಕಾಗದ ತೆಗೆದು, ಕೂಸು ಅತ್ತ ಸಾಲನ್ನು ಕೊನೆಯಲ್ಲಿ ಸೇರಿಸಿದೆ. ಅವರ ಸಾಲೇ ತಾನೆ, ನನ್ನದೇನಲ್ಲವಲ್ಲ ಎಂದುಕೊಂಡೆ. ಅಂಚೆಗೆ ಹಾಕಿದೆ. ಅವರಿಗೆ ಹೇಳಲಿಲ್ಲ. ಅಚ್ಚಾಗಿ ಬಂದಾಗ ಅವರೇ ಸಂತೋಷಪಡುತ್ತಾರೆ ಎಂಬ ನಂಬಿಕೆ.

ಕವಿತೆ ಅಚ್ಚಾಯಿತು. ಹೊಸದುರ್ಗದ ಬಸ್ಸಿನಲ್ಲಿ ಪತ್ರಿಕೆ ಬಂದ ದಿನ ನಾನು ಚಪ್ಪಲಿಯನ್ನೂ ಹಾಕದೆ ಅವರ ಮನೆಗೆ ಓಡಿದೆ. ಅವರು ಸೂಜಿಗಳನ್ನು ಕುದಿಯಲು ಇಟ್ಟಿದ್ದರು. ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡರು. ತಮ್ಮ ಹೆಸರಿನ ಮೇಲೆ ಒಂದು ಸಲ ಬೆರಳಾಡಿಸಿದರು. ಆಮೇಲೆ ಓದಿದರು. ಮತ್ತೊಮ್ಮೆ ಓದಿದರು. ಪತ್ರಿಕೆಯನ್ನು ನಿಧಾನವಾಗಿ ಮಡಿಸಿ ನನ್ನ ಕೈಗೆ ಕೊಟ್ಟರು.

“ಕೂಸು ಅಳ್ಲಿಲ್ಲ, ಟೀಚರಮ್ಮ.”

ನನಗೆ ಅರ್ಥವಾಗಲಿಲ್ಲ.

“ಅವತ್ತು ಕೂಸು ಅಳ್ಲೇ ಇಲ್ಲ. ಕೈಗೆ ಬಂದಾಗ್ಲೇ ಜೀವ ಇರ್ಲಿಲ್ಲ. ಬೆನ್ನು ತಟ್ದೆ, ಬಾಯಿಗೆ ಉಸಿರು ಊದ್ದೆ. ಇಲ್ಲ. ಅಷ್ಟೊತ್ತಿಗೆ ಆ ಹೆಣ್ಮಗಳಿಗೆ ರಕ್ತ ಸುರೀತಾ ಐತೆ, ಕಣ್ಣು ಮ್ಯಾಲಕ್ಕೆ ಹೋಗ್ತಾ ಅವೆ. ಐತಾ ಅಂದ್ಲು. ಇಲ್ಲ ಅಂದ್ರೆ ಆಕೆನೂ ಕೈ ಬಿಟ್ಟು ಹೋಗ್ತಾಳೆ. ಐತೆ ಅಂದೆ.”

ಪಾತ್ರೆಯಲ್ಲಿ ನೀರು ಕುದಿದು ಸೂಜಿಗಳು ಸದ್ದು ಮಾಡುತ್ತಿದ್ದವು. ಅವರು ಅದನ್ನು ಇಳಿಸಲು ಹೋಗಲಿಲ್ಲ.

“ಆಕೆ ಉಳ್ಕಂಡ್ಲು. ಸಂಜೆಗೆ ನಾನೇ ಬಾಯಿ ಬಿಟ್ಟು ಹೇಳ್ದೆ. ಅಳ್ಲಿಲ್ಲ, ಬೈಲಿಲ್ಲ. ನನ್ ಕೈ ಹಿಡ್ಕಂಡು, ಐತೆ ಅಂದ್ರಲ್ಲ ನರ್ಸಮ್ಮ ಅಂದ್ಲು. ಅಷ್ಟೇ ಅಂದಿದ್ದು.”

“ಮತ್ತೆ ಮೊದಲು ಬರೆದದ್ದು…” ಎಂದೆ.

“ಕಾಗದದ ಮ್ಯಾಲಾದ್ರೂ ಅಳ್ಲಿ ಅಂತ ಬರ್ದೆ. ಆಮ್ಯಾಲೆ ಒಂದೊಂದು ಸಲ ಬರಿಯೋವಾಗ್ಲೂ ಕಿವಿಗೊಟ್ಟು ಕೂತೆ. ಕೇಳಿಸ್ಲಿಲ್ಲ. ಕೇಳಿಸ್ದೇ ಇರೋದನ್ನ ಎಂಗ್ ಬರಿಯಾದು? ಆಕೆಗೆ ಒಂದು ಸಲ ಸುಳ್ಳು ಹೇಳಿದ್ದಾತು. ಎರಡ್ನೇ ಸಲ ಬ್ಯಾಡ ಅಂತ ಆ ಸಾಲು ಹೊಡೆದಾಕಕ್ಕೆ ನಂಗೆ ಮೂರು ಕಾಗದ ಬೇಕಾತು.”

ಅವರು ಬೈದಿದ್ದರೆ ಒಳ್ಳೆಯದಿತ್ತು. ತಮ್ಮ ಕಾಗದಗಳನ್ನೆಲ್ಲ ವಾಪಸು ಕೊಡುವಂತೆ ಕೇಳಿದರು. ಟ್ರಂಕಿನಿಂದ ತೆಗೆದು, ಎರಡು ವರ್ಷದ ಕಾಗದವನ್ನು ಎರಡು ಕೈಯಲ್ಲಿ ಹೊತ್ತು ಕೊಟ್ಟೆ. ಮಡಿಲಿಗೆ ಹಾಕಿಕೊಂಡರು.

ಆಮೇಲೆಯೂ ಸಿಕ್ಕಾಗ ಮಾತಾಡಿಸುತ್ತಿದ್ದರು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟರು. ಆದರೆ ಇನ್ನೊಂದು ಕಾಗದ ನನ್ನ ಬಾಗಿಲಿಗೆ ಬರಲಿಲ್ಲ. ಬರೆಯುತ್ತಿದ್ದರೋ, ಬಿಟ್ಟೇಬಿಟ್ಟರೋ… ಗೋಡೆಗೆ ಕಿವಿಯಿಟ್ಟರೆ ಪೆನ್ಸಿಲಿನ ಸದ್ದು ಕೇಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಕುರಿಯವರು ಬಂದಾಗ ಅವರು ಆ ಹೊಲದ ದಾರಿ ಬಿಟ್ಟು ಸುತ್ತು ಹಾದಿಯಲ್ಲಿ ಓಡಾಡುವುದನ್ನು ನೋಡಿದೆ. ನಾನು ಹತ್ತಿರ ಹೋಗಿ “ತಪ್ಪಾಯಿತು” ಎನ್ನಬೇಕಿತ್ತು. ದಿನಾ ನಾಳೆ ಎಂದುಕೊಳ್ಳುತ್ತಿದ್ದೆ.

ಪತ್ರಿಕೆಗೆ ಮಾತ್ರ ಬರೆದೆ. ಕೊನೆಯ ಸಾಲು ಕವಯಿತ್ರಿ ಹೊಡೆದುಹಾಕಿದ್ದು, ಅವರಿಗೆ ತಿಳಿಸದೆ ನಾನು ಸೇರಿಸಿದ್ದು, ತಿದ್ದುಪಡಿ ಹಾಕಿ ಎಂದು. ಆ ಸಾಲಿನಿಂದಲೇ ಕವಿತೆ ಓದುಗರಿಗೆ ಹಿಡಿಸಿದೆ, ಚಿಂತೆ ಬೇಡ ಎಂದು ಒಂದು ಕಾರ್ಡು ಬಂತು. ಅದನ್ನು ಅವರಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ.

ಅದೇ ವರ್ಷ ಅವರಿಗೆ ಭರಮಸಾಗರದ ಕಡೆಗೆ ವರ್ಗವಾಯಿತು. ಒಂದು ಹಾಸಿಗೆ, ಒಂದು ಪೆಟ್ಟಿಗೆ, ಆ ಚರ್ಮದ ಚೀಲ. ಬಸ್ಸಿಗೆ ಕಾಯುತ್ತಾ ಇಬ್ಬರೂ ನಿಂತಿದ್ದೆವು. ಬಸ್ಸು ಬಂದಾಗ “ನೀವೂ ಒಬ್ರೇ ಇರ್ಬ್ಯಾಡ್ರಿ, ಮದುವಿ ಮಾಡ್ಕಳ್ರಿ” ಎಂದರು. ನಾನು ತಲೆಯಾಡಿಸಿದೆ. ಬಸ್ಸು ಹೋದ ಮೇಲೆ ಮನೆಗೆ ಬಂದು ಎರಡು ರೊಟ್ಟಿ ತಟ್ಟಿದೆ. ಆಚೆ ಮನೆಯಲ್ಲಿ ಸದ್ದಿರಲಿಲ್ಲ.

ಆಮೇಲೆ ನಾನು ಹೊಳಲ್ಕೆರೆಯಲ್ಲಿ, ಕೊನೆಗೆ ಚಿತ್ರದುರ್ಗದಲ್ಲಿ ಕೆಲಸ ಮಾಡಿದೆ. ಮದುವೆಯ ಮಾತು ಬಂತು, ಹೋಯಿತು. ನರ್ಸಮ್ಮ ತೀರಿಕೊಂಡ ಸುದ್ದಿ ತಿಳಿದದ್ದು ಬಹಳ ತಡವಾಗಿ. ಸಿರಿಗೆರೆಗೆ ಹೊರಟಿದ್ದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು, “ನಮ್ಮೂರ ಕಡೆ ಒಬ್ರು ನರ್ಸಮ್ಮ ಇದ್ರು, ನನ್ನ ಮಕ್ಕಳೆಲ್ಲ ಅವರ ಕೈಯಾಗೇ ಹುಟ್ಟಿದ್ದು” ಎಂದು ಮಾತು ತೆಗೆದರು. ಹೆಸರು ಕೇಳಿದೆ. ಅವರೇ. ಹೋಗಿ ಎರಡು ವರ್ಷವಾಗಿತ್ತು. ಕಾಗದಗಳ ವಿಷಯ ಕೇಳಿದೆ. ಆಕೆಗೆ ಏನೂ ಗೊತ್ತಿರಲಿಲ್ಲ. ನರ್ಸಮ್ಮ ಬರೆಯುತ್ತಿದ್ದರು ಎಂಬುದೇ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲವಂತೆ.

ಅವರ ಹೆಸರಿನಲ್ಲಿ ಅಚ್ಚಾದ ಕವಿತೆ ಅದೊಂದೇ. ಹಳೆಯ ಪತ್ರಿಕೆಯಿಂದ ಯಾರೋ ಅದನ್ನು ಆರಿಸಿ ಒಂದು ಸಂಕಲನಕ್ಕೆ ಸೇರಿಸಿದ್ದಾರೆ. ಹೋದ ವಾರ ಇಲ್ಲಿನ ಒಂದು ಕಾರ್ಯಕ್ರಮದಲ್ಲಿ ಕಾಲೇಜು ಹುಡುಗಿಯೊಬ್ಬಳು ಅದನ್ನು ಓದಿದಳು. ಕೂಸು ಅತ್ತಿತು ಎಂಬಲ್ಲಿ ದನಿ ಎತ್ತರಿಸಿದಳು. ಜನ ಚಪ್ಪಾಳೆ ತಟ್ಟಿದರು. ಆ ಸಾಲು ಅಲ್ಲಿರಬಾರದು ಎಂದು ಹೇಳಲು ನಾನು ಎದ್ದು ನಿಂತೆ. ಎಲ್ಲರೂ ಏಳುತ್ತಿದ್ದರಿಂದ ಯಾರಿಗೂ ಅದು ಬೇರೆಯಾಗಿ ಕಾಣಲಿಲ್ಲ.

ಮನೆಗೆ ಬಂದು, ನರ್ಸಮ್ಮ ನನ್ನ ಕೈಗೆ ಕೊಟ್ಟ ಹಾಗೆ ಆ ಕವಿತೆಯನ್ನು ಬರೆಯಲು ಕೂತೆ. ಆರು ಸಾಲು ಬಂದವು. ನಾಲ್ಕನೆಯದು ಬರಲಿಲ್ಲ. ಮೂರು ದಿನ ಕಾದೆ. ಅಲ್ಲಿ ಒಂದು ಸಾಲು ಕಟ್ಟುವುದು ನನಗೆ ಕಷ್ಟವಲ್ಲ. ಅವರ ನಡೆ, ಅವರ ಮಾತು ನನಗಿಂತ ಚೆನ್ನಾಗಿ ತಿಳಿದವರು ಈಗ ಯಾರೂ ಉಳಿದಿಲ್ಲ. ಪೆನ್ನು ಎತ್ತಿದ್ದೆ ಕೂಡ… ಕೆಳಗಿಟ್ಟೆ.

ಸೂರಿಲ್ಲ, ಕಂಬಳಿಯ ನೆರಳು
ಸುತ್ತ ಕುರಿ ಮೆಲುಕು ಹಾಕುತಾವೆ
ಕೈಗೆ ಬಂತು, ಬೆಚ್ಚಗೆ ಬಂತು
……………………
ಐತಾ ಅಂದಳು
ಅವಳ ಮುಖ ನೋಡಿ
ಐತೆ ಅಂದೆ

ಮೂರನೆಯ ಸಾಲಿಗೂ ಐದನೆಯ ಸಾಲಿಗೂ ನಡುವೆ ನರ್ಸಮ್ಮ ಏನು ಕಂಡಿದ್ದರೋ ಅದು ಅವರ ಜೊತೆ ಹೋಯಿತು. ಹೋಗಿ ಕೇಳಲು ಪಕ್ಕದ ಮನೆಯಲ್ಲಿ ಈಗ ಅವರಿಲ್ಲ.